ಪಾರದರ್ಶಕ ಬಣ್ಣದ ಎನಾಮಲ್ ಪಿನ್: ಮಿಂಚುಳ್ಳಿಯ ನೀಲಿ ಹಸಿರಾದದ್ದೇಕೆ?

ಪ್ರಶ್ನೆ: ಮೈಸೂರಿನ ನಮ್ಮ ಪಕ್ಷಿವೀಕ್ಷಕರ ಬಳಗಕ್ಕಾಗಿ 300 ಎನಾಮಲ್ ಪಿನ್‌ಗಳನ್ನು (ಲೋಹದ ಗೆರೆಗಳ ನಡುವಿನ ಹಳ್ಳಗಳಿಗೆ ಬಣ್ಣ ತುಂಬಿದ, ಅಂಗಿಗೆ ಚುಚ್ಚುವ ಬಿಲ್ಲೆಗಳು) ಮಾಡಿಸಲು ಹೊರಟಿದ್ದೇವೆ. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಕುಳಿತ ಮಿಂಚುಳ್ಳಿಯ ಚಿತ್ರ ಅದು. ರೆಕ್ಕೆಗೆ ಪಾರದರ್ಶಕ ನೀಲಿ, ಗೆರೆಗಳಿಗೆ ಚಿನ್ನದ ಲೇಪ; ಕೆಳಗಿನ ನೀರಿನ ಭಾಗದಲ್ಲಿ ಲೋಹವನ್ನೇ ಕತ್ತರಿಸಿ ತೆಗೆದು, ಬಣ್ಣದ ಗಾಜಿನ ಕಿಟಕಿಯಂತೆ ಬೆಳಕು ಹಾಯುವ ಹಾಗೆ ಮಾಡಬೇಕೆಂದು ಕೇಳಿದ್ದೆವು. ಬಂದ ಸ್ಯಾಂಪಲ್ ನೋಡಿ ನಿರಾಸೆಯಾಯಿತು. ರೆಕ್ಕೆ ಮಂಕು ಹಸಿರಾಗಿದೆ. ಅಗಲ ಗರಿಗಳಲ್ಲಿ ಒಂದು ಛಾಯೆ, ಸಣ್ಣ ಗರಿಗಳಲ್ಲಿ ಇನ್ನೊಂದು. ಒಳಗೆ ಸಣ್ಣ ಗುಳ್ಳೆಗಳಿವೆ. ಹಿಂಬದಿಯಲ್ಲಿ ಒತ್ತಿಸಿದ ಬಳಗದ ಹೆಸರು ಮುಂಬದಿಯಲ್ಲೂ ನೆರಳಿನಂತೆ ಮೂಡಿದೆ. ಅಂಗಿಗೆ ಚುಚ್ಚಿಕೊಂಡರೆ ನೀರಿನ ಭಾಗ ಕಪ್ಪಾಗಿ ಕಾಣುತ್ತದೆ. ಪಾರದರ್ಶಕ ಬಣ್ಣಕ್ಕೆ ಗ್ಯಾರಂಟಿ ಕೊಡುವುದಿಲ್ಲ ಎಂದು ಕಾರ್ಖಾನೆಯವರು ಹೇಳುತ್ತಾರೆ. ಅದು ನಿಜವೇ? ಈಗ ತುಂಬಿರುವ ರಾಳದ (ಗಟ್ಟಿಯಾಗುವ ಪ್ಲಾಸ್ಟಿಕ್‌ನಂಥ ದ್ರವ) ಬದಲು ನಿಜವಾದ ಗಾಜಿನ ಎನಾಮಲ್ ಮಾಡಿಸಿದರೆ ಸರಿಹೋದೀತೇ?

ಉತ್ತರ: ಕಾರ್ಖಾನೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಪಾರದರ್ಶಕ ಬಣ್ಣ ತುಂಬಿದ 300 ಪಿನ್‌ಗಳು ಒಂದಕ್ಕೊಂದು ಕಿಂಚಿತ್ತೂ ವ್ಯತ್ಯಾಸವಿಲ್ಲದಂತೆ ಬರುತ್ತವೆ ಎಂದು ಯಾರೂ ಭರವಸೆ ಕೊಡಲಾರರು. ಆದರೆ ನೀವು ಹೇಳಿರುವ ದೋಷಗಳಲ್ಲಿ ಅದೃಷ್ಟಕ್ಕೆ ಬಿಡಬೇಕಾದದ್ದು ಬಹಳ ಕಡಿಮೆ. ಹೆಚ್ಚಿನವು ಪಿನ್ ತಯಾರಾಗುವ ಮೊದಲೇ, ವಿನ್ಯಾಸದಲ್ಲಿ ಮತ್ತು ಆರ್ಡರ್ ಕೊಟ್ಟ ಕ್ರಮದಲ್ಲಿ ತೀರ್ಮಾನವಾಗಿಬಿಟ್ಟಿದ್ದವು. ಇವೆಲ್ಲಕ್ಕೂ ಮೂಲ ಒಂದೇ: ಅಪಾರದರ್ಶಕ ಬಣ್ಣದಲ್ಲಿ ತಳದ ಲೋಹ ಬರೀ ಆಧಾರ; ಪಾರದರ್ಶಕ ಬಣ್ಣದಲ್ಲಿ ಆ ಲೋಹವೂ ಒಂದು ಬಣ್ಣ. ಅದನ್ನು ಲೆಕ್ಕಕ್ಕೆ ಹಿಡಿಯದೆ ನೀಲಿಯನ್ನು ಮಾತ್ರ ಆರಿಸಿದರೆ ಅರ್ಧ ನಿರ್ಧಾರವನ್ನಷ್ಟೇ ಮಾಡಿದಂತಾಗುತ್ತದೆ.

ಸಾಮಾನ್ಯ ಪಿನ್ನಿನ ಬಣ್ಣದಲ್ಲಿ ಬೆಳಕನ್ನು ಚದುರಿಸುವ ವರ್ಣಕಣಗಳು ದಟ್ಟವಾಗಿರುತ್ತವೆ. ಬಿದ್ದ ಬೆಳಕು ಮೇಲ್ಪದರದಲ್ಲೇ ಚದುರಿ ಕಣ್ಣಿಗೆ ಮರಳುವುದರಿಂದ ಕೆಳಗೆ ಕಬ್ಬಿಣವಿದ್ದರೂ ಹಿತ್ತಾಳೆಯಿದ್ದರೂ ವ್ಯತ್ಯಾಸ ತಿಳಿಯುವುದಿಲ್ಲ. ಪಾರದರ್ಶಕ ಬಣ್ಣದಲ್ಲಿ ಹಾಗಲ್ಲ. ಬೆಳಕು ಬಣ್ಣದ ಪದರವನ್ನು ದಾಟಿ, ತಳದ ಲೋಹಕ್ಕೆ ತಾಗಿ ಪ್ರತಿಫಲಿಸಿ, ಅದೇ ಪದರವನ್ನು ಇನ್ನೊಮ್ಮೆ ದಾಟಿ ಹೊರಬರುತ್ತದೆ. ಬೆಳ್ಳಿ ಗೋಚರ ಬೆಳಕಿನ ಶೇ 90ಕ್ಕೂ ಹೆಚ್ಚು ಪಾಲನ್ನು, ಯಾವ ಬಣ್ಣಕ್ಕೂ ಹೆಚ್ಚು ಪಕ್ಷಪಾತ ಮಾಡದೆ, ಹಿಂದಿರುಗಿಸುತ್ತದೆ. ಚಿನ್ನ ಕೆಂಪು ಮತ್ತು ಹಳದಿಯನ್ನು ಧಾರಾಳವಾಗಿ ಪ್ರತಿಫಲಿಸಿದರೂ ನೀಲಿ ಬೆಳಕಿನ ಅರ್ಧಕ್ಕೂ ಹೆಚ್ಚನ್ನು ನುಂಗಿಬಿಡುತ್ತದೆ. ಅದು ಹಳದಿಯಾಗಿ ಕಾಣುವುದೇ ಆ ಕಾರಣಕ್ಕೆ. ಹೀಗಾಗಿ ನಿಮ್ಮ ನೀಲಿ ಪದರ ಯಾವ ಬೆಳಕನ್ನು ಒಳಗೆ ಬಿಟ್ಟಿತೋ ಅದನ್ನೇ ತಳದ ಚಿನ್ನ ತಡೆದಿದೆ. ಎರಡನ್ನೂ ದಾಟಿ ಉಳಿದುಬಂದದ್ದು ನಡುವಿನ ಹಸಿರು, ಅದೂ ಮಂಕಾಗಿ. ಕಾರ್ಖಾನೆಯವರು ಬೇರೆ ಬಣ್ಣ ತುಂಬಿದ್ದಾರೆಂದು ನೀವು ಶಂಕಿಸಿರಬಹುದು. ಅವರು ಬಹುಶಃ ನೀವು ಕೇಳಿದ ನೀಲಿಯನ್ನೇ ತುಂಬಿದ್ದಾರೆ. ಹಿತ್ತಾಳೆ, ತಾಮ್ರಗಳ ಮೇಲೂ ಹೀಗೆಯೇ ಆಗುತ್ತದೆ. ಕಪ್ಪು ನಿಕಲ್ ಲೇಪದ ಮೇಲಂತೂ ಬೆಳಕು ಹಿಂದಿರುಗುವುದೇ ಅಲ್ಪ. ಅಲ್ಲಿ ಯಾವ ಪಾರದರ್ಶಕ ಬಣ್ಣವೂ ಅರಳುವುದಿಲ್ಲ.

ಹಾಗೆಂದು ಚಿನ್ನದ ಗೆರೆಗಳನ್ನು ಕೈಬಿಡಬೇಕಾಗಿಲ್ಲ. ಪಿನ್ ತಯಾರಿಕೆಯ ಎರಡು ವಿಧಾನಗಳ ವ್ಯತ್ಯಾಸ ಇಲ್ಲಿ ನಿಮ್ಮ ಕೆಲಸಕ್ಕೆ ಬರುತ್ತದೆ. ಸಾಫ್ಟ್ ಎನಾಮಲ್‌ನಲ್ಲಿ ಅಚ್ಚು ಒತ್ತಿದ ಲೋಹಕ್ಕೆ ಮೊದಲು ಪೂರ್ತಿ ಪ್ಲೇಟಿಂಗ್ (ಇನ್ನೊಂದು ಲೋಹದ ತೆಳು ಲೇಪ) ಮಾಡುತ್ತಾರೆ. ಆಮೇಲೆ ಹಳ್ಳಗಳಿಗೆ ಸಿರಿಂಜ್‌ನಿಂದ ಬಣ್ಣ ತುಂಬಿ ಓವನ್ನಿನಲ್ಲಿ ಗಟ್ಟಿಮಾಡುತ್ತಾರೆ. ಆದ್ದರಿಂದ ಗೆರೆಗೆ ಯಾವ ಲೇಪವೋ ಹಳ್ಳದ ತಳಕ್ಕೂ ಅದೇ ಲೇಪ. ಹಾರ್ಡ್ ಎನಾಮಲ್‌ನಲ್ಲಿ ರಾಳದ ಬಣ್ಣವನ್ನು ಗೆರೆಗಳಿಗಿಂತ ತುಸು ಮೇಲಕ್ಕೆ ಬರುವಂತೆ ತುಂಬಿ, ಗಟ್ಟಿಯಾದ ಬಳಿಕ ಉಜ್ಜಿ ಸಮತಟ್ಟು ಮಾಡಿ ಪಾಲಿಶ್ ಹಿಡಿಯುತ್ತಾರೆ. ಉಜ್ಜುವಾಗ ಗೆರೆಗಳ ತಲೆಯ ಮೇಲಿನ ಲೇಪವೂ ಸವೆದು ಬರಿ ಲೋಹ ಹೊರಬರುವುದರಿಂದ, ಅಂತಿಮ ಪ್ಲೇಟಿಂಗ್ ಕೊನೆಗೆ ನಡೆಯುತ್ತದೆ. ಅಂದರೆ ಬಣ್ಣ ತುಂಬುವ ಮೊದಲು ಇಡೀ ಪಿನ್ನಿಗೆ ಬೆಳ್ಳಿಯ ಅಥವಾ ಹೊಳಪು ನಿಕಲ್‌ನ ಲೇಪ ಕೊಟ್ಟು, ನೀಲಿ ತುಂಬಿ, ಉಜ್ಜಿ, ಕೊನೆಗೆ ಚಿನ್ನದ ಲೇಪ ಕೊಟ್ಟರೆ ರೆಕ್ಕೆಯ ತಳದಲ್ಲಿ ಬಿಳಿ ಲೋಹವೂ ಗೆರೆಗಳಲ್ಲಿ ಚಿನ್ನವೂ ಉಳಿಯುತ್ತವೆ. ನಿಕಲ್ ಅಗ್ಗ, ಆದರೆ ಬೆಳ್ಳಿಯಷ್ಟು ಬೆಳಗುವುದಿಲ್ಲ; ಅದರ ಹೊಳಪಿನಲ್ಲಿ ಸಣ್ಣ ಹಳದಿ ಛಾಯೆಯೂ ಇರುತ್ತದೆ. ಗಾಢ ನೀಲಿಗೆ ಅದು ನಡೆದೀತು. ತಿಳಿನೀಲಿಗೆ ಬೆಳ್ಳಿಯೇ ಬೇಕು. ಈ ಮೊದಲ ಲೇಪದ ಮಾತನ್ನು ಆರ್ಡರಿನಲ್ಲಿ ಬರೆದು ಕೇಳದಿದ್ದರೆ ಅನೇಕ ಕಾರ್ಖಾನೆಗಳು ಆ ಹಂತವನ್ನೇ ಬಿಟ್ಟು, ಬರಿಯ ಹಿತ್ತಾಳೆಯ ಅಥವಾ ಸತುವಿನ ಮಿಶ್ರಲೋಹದ ಮೇಲೆ ಬಣ್ಣ ತುಂಬುತ್ತವೆ. ಅಪಾರದರ್ಶಕ ಬಣ್ಣಕ್ಕೆ ಅದು ತಪ್ಪಲ್ಲ. ಪಾರದರ್ಶಕ ಬಣ್ಣಕ್ಕೆ ಅದೇ ದೊಡ್ಡ ತಪ್ಪು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಹಾರ್ಡ್ ಎನಾಮಲ್‌ನ ರಾಳ ಕೊನೆಯ ಪ್ಲೇಟಿಂಗ್ ವೇಳೆ ಎಣ್ಣೆ ತೆಗೆಯುವ ಕ್ಷಾರ, ಆಮ್ಲ, ಬಿಸಿ ಲೋಹದ್ರಾವಣಗಳಲ್ಲಿ ಮುಳುಗೇಳುತ್ತದೆ. ರಾಳ ಪೂರ್ತಿ ಗಟ್ಟಿಯಾಗಿರದಿದ್ದರೆ ಮೇಲ್ಮೈ ಮಬ್ಬಾಗುತ್ತದೆ. ದಟ್ಟ ಬಣ್ಣದಲ್ಲಿ ಗೊತ್ತೇ ಆಗದ ಈ ಮಬ್ಬು ಪಾರದರ್ಶಕ ಬಣ್ಣದಲ್ಲಿ ಇಡೀ ಹೊಳಪನ್ನು ಕೆಡಿಸುತ್ತದೆ. ಸ್ಯಾಂಪಲ್ ಬಂದಾಗ ರೆಕ್ಕೆಯ ಮೇಲೆ ಒಂದು ಹನಿ ನೀರು ಇಟ್ಟು ನೋಡಿ. ನೀರು ಬಿದ್ದ ಜಾಗ ತಕ್ಷಣ ತಿಳಿಯಾಗಿ ಹೊಳೆದು, ಒಣಗಿದ ಮೇಲೆ ಮತ್ತೆ ಮಂಕಾದರೆ ದೋಷ ಬಣ್ಣದಲ್ಲಿಲ್ಲ, ಮೇಲ್ಮೈಯಲ್ಲಿದೆ. ಪಾಲಿಶ್ ಅಥವಾ ಪ್ಲೇಟಿಂಗ್ ಹಂತದಲ್ಲಿ ಏನೋ ಎಡವಟ್ಟಾಗಿದೆ ಎಂದರ್ಥ.

ಇನ್ನು ಛಾಯೆಯ ಏರುಪೇರು. ಪಾನಕವನ್ನು ಬಟ್ಟಲಲ್ಲಿ ತೆಳುವಾಗಿ ಹರಡಿದರೆ ತಿಳಿಯಾಗಿಯೂ ಲೋಟದಲ್ಲಿ ತುಂಬಿದರೆ ಗಾಢವಾಗಿಯೂ ಕಾಣುವಂತೆ, ಪಾರದರ್ಶಕ ಬಣ್ಣದ ಗಾಢತೆ ಪದರದ ದಪ್ಪವನ್ನು ಅವಲಂಬಿಸಿದೆ, ಮತ್ತು ಆ ಸಂಬಂಧ ನಾವು ಊಹಿಸುವುದಕ್ಕಿಂತ ತೀವ್ರವಾದದ್ದು. ಹಳ್ಳದ ಆಳ 0.3 ಮಿ.ಮೀ. ಇದ್ದಾಗ ಯಾವುದೋ ಒಂದು ಬಣ್ಣದ ಬೆಳಕಿನಲ್ಲಿ ಅರ್ಧದಷ್ಟು ಹಿಂದಿರುಗುತ್ತದೆ ಎಂದಿಟ್ಟುಕೊಳ್ಳಿ. ಆಳ 0.6 ಮಿ.ಮೀ. ಆದರೆ ಬರುವುದು ಕಾಲು ಭಾಗ; 0.9 ಆದರೆ ಎಂಟರಲ್ಲಿ ಒಂದು ಪಾಲು. ಕಣ್ಣಳತೆಗೆ ಸಿಗದ ಆಳದ ವ್ಯತ್ಯಾಸ ಬಣ್ಣದಲ್ಲಿ ಎದ್ದುಕಾಣುವುದು ಇದರಿಂದ. ಸಾಫ್ಟ್ ಎನಾಮಲ್‌ನಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ: ದ್ರವರೂಪದ ಬಣ್ಣ ಹಳ್ಳದ ಗೋಡೆಗಳನ್ನು ಹತ್ತುತ್ತದೆ. ಅಗಲ ಗರಿಯಲ್ಲಿ ನಡುವೆ ತಗ್ಗು, ಅಂಚಿನಲ್ಲಿ ದಪ್ಪ. ಆದ್ದರಿಂದ ನಡುವೆ ತಿಳಿ, ಅಂಚಿನಲ್ಲಿ ಗಾಢ. ಇಕ್ಕಟ್ಟಾದ ಗರಿಯಲ್ಲಿ ಎರಡೂ ಗೋಡೆಗಳ ಏರು ಒಂದಕ್ಕೊಂದು ಸೇರಿ ಪೂರ್ತಿ ಹಳ್ಳವೇ ಬೇರೆ ಛಾಯೆ ತಾಳುತ್ತದೆ. ಹಾರ್ಡ್ ಎನಾಮಲ್‌ನಲ್ಲಿ ಮೇಲ್ಮೈಯನ್ನು ಉಜ್ಜಿ ಸಮ ಮಾಡುವುದರಿಂದ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ, ಉಜ್ಜುವಾಗ ಪಿನ್ ಒಂದು ಕಡೆಗೆ ವಾಲದಿದ್ದರೆ. ಪಾರದರ್ಶಕ ಬಣ್ಣಕ್ಕೆ ಹಾರ್ಡ್ ಎನಾಮಲನ್ನೇ ಆರಿಸಿರೆಂದು ನಾನು ಸಲಹೆ ಮಾಡುವುದಕ್ಕೆ ಇದು ಎರಡನೆಯ ಕಾರಣ.

ಆಳದ ಈ ಗುಣವನ್ನು ದೋಷವೆಂದಷ್ಟೇ ಎಣಿಸಿದರೆ ನಷ್ಟ ನಮಗೇ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ರಾಯಲ್ ಗೋಲ್ಡ್ ಕಪ್ ಎಂಬ ಬಂಗಾರದ ಪಾತ್ರೆಯೊಂದಿದೆ. 14ನೇ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸ್‌ನ ರಾಜಮನೆತನಕ್ಕಾಗಿ ತಯಾರಾದ ಆ ಪಾತ್ರೆಯ ಮೇಲೆ ಸಂತ ಆಗ್ನೆಸ್‌ಳ ಕಥೆಯ ಚಿತ್ರಗಳಿವೆ. ಅದರಲ್ಲಿ ಉಡುಪಿನ ನೆರಿಗೆಗಳಿಗೆ ಬೇರೆ ಬೇರೆ ಛಾಯೆಯ ಗಾಜನ್ನು ಬಳಸಿಲ್ಲ. ಬಂಗಾರವನ್ನೇ ಎಲ್ಲಿ ನೆರಳು ಬೇಕೋ ಅಲ್ಲಿ ಆಳವಾಗಿಯೂ ಎಲ್ಲಿ ಬೆಳಕು ಬೇಕೋ ಅಲ್ಲಿ ತೆಳುವಾಗಿಯೂ ಕೆತ್ತಿ, ಮೇಲೆ ಒಂದೇ ಪಾರದರ್ಶಕ ಗಾಜನ್ನು ಕರಗಿಸಿದ್ದಾರೆ. ನಿಮ್ಮ ಮಿಂಚುಳ್ಳಿಯ ರೆಕ್ಕೆಯ ಬುಡದಲ್ಲಿ ಹಳ್ಳ ಆಳವಾಗಿಯೂ ತುದಿಯ ಕಡೆಗೆ ಇಳಿಜಾರಾಗಿ ತೆಳುವಾಗಿಯೂ ಇರುವಂತೆ ಅಚ್ಚನ್ನು ಕೆತ್ತಿಸಿದರೆ ಒಂದೇ ನೀಲಿಯಿಂದ ಗಾಢ-ತಿಳಿಗಳ ಕ್ರಮವಾದ ಇಳಿತ ಸಿಗುತ್ತದೆ. ಅಪಾರದರ್ಶಕ ಬಣ್ಣದಲ್ಲಿ ಇದು ಸಾಧ್ಯವೇ ಇಲ್ಲ. ಮಿಂಚುಳ್ಳಿಯ ಬೆನ್ನಿನ ನೀಲಿ ವರ್ಣದ್ರವ್ಯದಿಂದ ಬಂದದ್ದಲ್ಲ, ಗರಿಯ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಬಂದದ್ದು ಎಂಬುದು ನಿಮ್ಮ ಬಳಗಕ್ಕೆ ತಿಳಿದೇ ಇರುತ್ತದೆ. ಹಾಗಾಗಿ ಪಿನ್ನನ್ನು ಓರೆ ಮಾಡಿದಂತೆ ಬದಲಾಗುವ ಪಾರದರ್ಶಕ ನೀಲಿಯನ್ನು ನೀವು ಬಯಸಿದ್ದು ಸರಿಯಾದ ಬಯಕೆ. ಶ್ರಮ ಹೆಚ್ಚೆಂದು ಅದನ್ನು ಬಿಟ್ಟುಕೊಡಬೇಡಿ.

ಹಳ್ಳದ ತಳವನ್ನು ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ. ಅಚ್ಚನ್ನು ಕೊರೆದ ಯಂತ್ರದ ಮೊನೆ ಓಡಾಡಿದ ಸಾಲುಗಳು ಪಕ್ಕಪಕ್ಕದಲ್ಲಿ ಕಾಣುತ್ತವೆ. ಅಲ್ಲಲ್ಲಿ ಒಂದು ಗೀರು, ಮೂಲೆಯಲ್ಲಿ ಪಾಲಿಶ್ ಮೇಣದ ಕಂದು ಕಲೆ. ಸತುವಿನ ಮಿಶ್ರಲೋಹದ ಎರಕವಾದರೆ ಸೂಜಿಮೊನೆಯಷ್ಟು ರಂಧ್ರಗಳೂ ಇರುತ್ತವೆ. ದಟ್ಟ ಬಣ್ಣದ ಕೆಳಗೆ ಇವೆಲ್ಲ ಮುಚ್ಚಿಹೋಗುತ್ತಿದ್ದುದರಿಂದ ಹಳ್ಳದ ತಳಕ್ಕೆ ಕೈ ಮಾಡುವ ಅಭ್ಯಾಸವೇ ಈ ಕಸುಬಿನಲ್ಲಿ ಕಡಿಮೆ. ಪಾರದರ್ಶಕ ಬಣ್ಣಕ್ಕೆ ಎರಡರಲ್ಲೊಂದು ದಾರಿ ಹಿಡಿಯಬೇಕು: ಅಚ್ಚಿನಲ್ಲೇ ಆ ಭಾಗವನ್ನು ಕನ್ನಡಿಯಂತೆ ನಯಗೊಳಿಸುವುದು, ಇಲ್ಲವೇ ಉದ್ದೇಶಪೂರ್ವಕವಾಗಿ ಒಂದು ವಿನ್ಯಾಸ ಮೂಡಿಸುವುದು. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಕನ್ನಡಿಯಂಥ ತಳದಲ್ಲಿ ಒಂದೇ ಒಂದು ಗೀರೂ ಎದ್ದುಕಾಣುತ್ತದೆ, ಮೇಲಾಗಿ ಎದುರಿಗಿರುವ ಕತ್ತಲೆ ಅದರಲ್ಲಿ ಬಿಂಬಿಸಿದಾಗ ಬಣ್ಣವೂ ಕಪ್ಪಾಗುತ್ತದೆ. ಗರಿಯ ದಿಕ್ಕಿನಲ್ಲೇ ಸಾಗುವ ಸೂಕ್ಷ್ಮ ಗೆರೆಗಳಿದ್ದರೆ ಬೆಳಕು ಹಲವು ಕೋನಗಳಲ್ಲಿ ಒಡೆದು, ಪಿನ್ ಎತ್ತ ತಿರುಗಿದರೂ ಎಲ್ಲೋ ಒಂದು ಕಡೆ ಹೊಳಪು ಉಳಿಯುತ್ತದೆ. ರಷ್ಯಾದ ಫ್ಯಾಬೆರ್ಜೆ ಆಭರಣ ಕಾರ್ಯಾಗಾರದವರು ಯಂತ್ರದಿಂದ ಅಲೆಗಳಂಥ ಸಾಲುಗಳನ್ನು ಕೊರೆದ ಲೋಹದ ಮೇಲೆ ಪಾರದರ್ಶಕ ಗಾಜನ್ನು ಪದರಪದರವಾಗಿ ಕರಗಿಸಿ ಹೆಸರಾದರು. ಅದೇ ತತ್ವವನ್ನು ಸಾಧಾರಣ ಪಿನ್ನಿನ ಅಚ್ಚಿನಲ್ಲೂ ಅಳವಡಿಸಬಹುದು, ಮತ್ತು ಅಚ್ಚು ಕೆತ್ತುವಾಗಲೇ ಹೇಳಿದರೆ ಅದಕ್ಕೆ ತಗಲುವ ಹೆಚ್ಚುವರಿ ವೆಚ್ಚ ಒಂದು ಸಲದ್ದು.

ಬಳಗದ ಹೆಸರು ಮುಂಬದಿಗೆ ಮೂಡಿದ್ದೂ ಈ ತಳಕ್ಕೇ ಸಂಬಂಧಿಸಿದ ವಿಷಯ. ತೆಳುವಾದ ತಗಡಿನ ಹಿಂಬದಿಗೆ ಅಕ್ಷರ ಒತ್ತಿದಾಗ ಮುಂಬದಿಯ ತಳ ಕೂದಲೆಳೆಯಷ್ಟು ಉಬ್ಬುತ್ತದೆ. ಹೊಳೆಯುವ ಲೋಹ ಅಷ್ಟನ್ನೂ ತೋರಿಸಿಕೊಡುತ್ತದೆ. ಹಿಂಬದಿಯ ಮೊಳೆಯನ್ನು ಬೆಸೆದ ಜಾಗದಲ್ಲೂ ಇಂಥದೇ ಗುರುತು ಬೀಳಬಹುದು. ಹೆಸರನ್ನು ಒತ್ತಿಸುವ ಬದಲು ಕೊನೆಯಲ್ಲಿ ಲೇಸರ್‌ನಿಂದ ಬರೆಸಿ. ಮೊಳೆಗಳನ್ನು ಕೊಂಬೆಯ ಅಥವಾ ಅಪಾರದರ್ಶಕ ಬಣ್ಣವಿರುವ ಕೊಕ್ಕು-ತಲೆಗಳ ಹಿಂದೆ ಬರುವಂತೆ ನಕ್ಷೆಯಲ್ಲಿ ಗುರುತು ಮಾಡಿ ಕೊಡಿ.

ಗುಳ್ಳೆಗಳ ವಿಷಯದಲ್ಲಿ ಕಾರ್ಖಾನೆಯ ಶಿಸ್ತೇ ಮುಖ್ಯ. ರಾಳ ಮತ್ತು ಅದನ್ನು ಗಟ್ಟಿಮಾಡುವ ಹಾರ್ಡನರ್ ಬೆರೆಸುವಾಗ ಸೇರಿದ ಗಾಳಿಯನ್ನು ನಿರ್ವಾತ ಪಾತ್ರೆಯಲ್ಲಿಟ್ಟು ತೆಗೆಯಬೇಕು, ಒಂದೇ ಸಲ ದಪ್ಪಗೆ ತುಂಬದೆ ಎರಡು ತೆಳು ಪದರಗಳಲ್ಲಿ ತುಂಬಬೇಕು, ಮತ್ತು ಓವನ್ನಿನ ಶಾಖವನ್ನು ನಿಧಾನವಾಗಿ ಏರಿಸಬೇಕು. ಅವಸರದ ಶಾಖಕ್ಕೆ ಮೇಲ್ಪದರ ಮೊದಲು ಬಿಗಿದು, ಏರಿಬರುತ್ತಿದ್ದ ಗುಳ್ಳೆ ಒಳಗೇ ಸಿಕ್ಕಿಬೀಳುತ್ತದೆ. ಚೂಪು ಮೂಲೆಗಳಿರುವ ಹಳ್ಳಗಳಲ್ಲಿ ಗಾಳಿ ಸಿಕ್ಕಿಕೊಳ್ಳುವ ಸಂಭವ ಹೆಚ್ಚಾದ್ದರಿಂದ ಗರಿಗಳ ತುದಿಯನ್ನು ಸ್ವಲ್ಪ ದುಂಡಗೆ ಮಾಡಿಕೊಟ್ಟರೆ ವಿನ್ಯಾಸಕಾರರಾಗಿ ನಿಮ್ಮ ಪಾಲಿನ ಕೆಲಸ ಮಾಡಿದಂತಾಗುತ್ತದೆ. ಚೆಲ್ಲಿದ ಬಣ್ಣ ಒರೆಸಿದ ಹತ್ತಿಯ ಎಳೆಯೊಂದು ಒಳಗೆ ಉಳಿದರೂ ಪಾರದರ್ಶಕ ಬಣ್ಣದಲ್ಲಿ ಅದು ಕಾಣುತ್ತದೆ. ಇದೇ ಕೆಲಸವನ್ನು ಮನೆಯಲ್ಲಿ ಎಪಾಕ್ಸಿ ರಾಳದಿಂದ ಮಾಡಿ ನೋಡುವ ಆಸೆ ಬಳಗದಲ್ಲಿ ಯಾರಿಗಾದರೂ ಇದ್ದರೆ ಮಳೆಗಾಲ ಕಳೆಯುವವರೆಗೆ ಕಾಯುವುದು ಮೇಲು. ತೇವ ತುಂಬಿದ ತಂಪು ಗಾಳಿಯಲ್ಲಿ ಅಮೈನ್ ಎಂಬ ರಾಸಾಯನಿಕ ಜಾತಿಯ ಹಾರ್ಡನರ್, ಗಾಳಿಯಲ್ಲಿನ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ವರ್ತಿಸಿ ಮೇಲ್ಮೈಯಲ್ಲಿ ಮೇಣದಂಥ ಬಿಳಿ ಪೊರೆ ಕಟ್ಟುತ್ತದೆ. ಕೊಡಗು, ಕರಾವಳಿಗಳ ಜುಲೈ ತಿಂಗಳ ಹವೆಯಲ್ಲಿ ಅದನ್ನು ತಪ್ಪಿಸುವುದು ಕಷ್ಟ. ಕೈಗವಸು ಮತ್ತು ಗಾಳಿಯಾಡುವ ಕೋಣೆ ಯಾವ ಕಾಲಕ್ಕೂ ಬೇಕು.

ನೀರಿನ ಭಾಗದ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಹಿಡಿಸದಿರಬಹುದು. ಆರಪಾರ ಕತ್ತರಿಸಿ ರಾಳ ತುಂಬಿದ ಕಿಟಕಿ ಅಂಗೈಯಲ್ಲಿ ಹಿಡಿದು ಬಿಸಿಲಿಗೆ ಎತ್ತಿದಾಗ ಬಹಳ ಸೊಗಸು, ಆದರೆ ಪಿನ್ ಇರಬೇಕಾದ ಜಾಗ ಬಟ್ಟೆಯ ಮೇಲೆ. ಅಲ್ಲಿ ಹಿಂದಿನಿಂದ ಬೆಳಕು ಬರುವುದಿಲ್ಲ. ಬೆಳಕು ಮುಂದಿನಿಂದ ಹೊಕ್ಕು ಬಟ್ಟೆಗೆ ತಾಗಿ ಮರಳಬೇಕು. ಬಟ್ಟೆ ಬಿಳಿಯಾಗಿದ್ದರೆ ನೀರು ತಿಳಿಯಾಗಿಯೂ, ಪಕ್ಷಿವೀಕ್ಷಕರು ಉಡುವ ಕಡುಹಸಿರು ಅಂಗಿಯಾದರೆ ಕಪ್ಪಾಗಿಯೂ ಕಾಣುವುದು ಸಹಜ. ಇದನ್ನು ಯಾವ ಕಾರ್ಖಾನೆಯೂ ಸರಿಪಡಿಸಲಾರದು. ತಯಾರಿಕೆಯಲ್ಲೂ ಇದು ಕಷ್ಟದ ಕೆಲಸ: ತಳವಿಲ್ಲದ ರಂಧ್ರಕ್ಕೆ ಹಿಂದಿನಿಂದ ಅಂಟುಪಟ್ಟಿ ಹಚ್ಚಿ ರಾಳ ತುಂಬಬೇಕು, ಪಟ್ಟಿ ಕಿತ್ತಾಗ ಅಂಟಿನ ಕಲೆ ಉಳಿಯದಂತೆ ನೋಡಿಕೊಳ್ಳಬೇಕು. ಗೋಡೆಗಳಷ್ಟೇ ರಾಳವನ್ನು ಹಿಡಿದಿಡುವುದರಿಂದ ದೊಡ್ಡ ಕಿಟಕಿಯಾದರೆ ಪಿನ್ ಕೊಂಚ ಬಾಗಿದಾಗ ಬಣ್ಣದ ತುಂಡೇ ಕಳಚಿ ಬೀಳುತ್ತದೆ. ಆದ್ದರಿಂದ ನೀರಿಗೂ ಲೋಹದ ತಳವನ್ನೇ ಇಡಿ. ಅದಕ್ಕೆ ಬೆಳ್ಳಿಯ ಲೇಪ ಮತ್ತು ಅಲೆಯ ಗೆರೆಗಳ ವಿನ್ಯಾಸ ಕೊಡಿ. ನೀರು ಆಗ ಯಾವ ಬಟ್ಟೆಯ ಮೇಲೂ ಹೊಳೆಯುತ್ತದೆ. ಕಿಟಕಿಯೇ ಬೇಕೆಂದಿದ್ದರೆ ಅದನ್ನು ಕೀಲಿ ಗೊಂಚಲಿಗೆ ಮೀಸಲಿಡಿ.

ಗಾಜಿನ ಎನಾಮಲ್ ಇದಕ್ಕೆಲ್ಲ ಪರಿಹಾರವೇ ಎಂದು ಕೇಳಿದ್ದೀರಿ. ಇಂದು ಮಾರುಕಟ್ಟೆಯಲ್ಲಿ ಹಾರ್ಡ್ ಎನಾಮಲ್ ಎಂದು ಮಾರಾಟವಾಗುವುದರಲ್ಲಿ ಬಹುಪಾಲು ಗಾಜಲ್ಲ, ಕಡಿಮೆ ಶಾಖದಲ್ಲಿ ಗಟ್ಟಿಯಾಗುವ ರಾಳ. ನಿಜವಾದ ಎನಾಮಲ್ ಎಂದರೆ ಗಾಜಿನ ಪುಡಿಯನ್ನು ಸುಮಾರು 750ರಿಂದ 850 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಲೋಹದ ಮೇಲೆ ಕರಗಿಸಿ ಕೂಡಿಸುವುದು. ಜೈಪುರದ ಮೀನಾಕಾರಿ ಆ ಜಾತಿಯ ಕೆಲಸ. ಬಂಗಾರದ ಮೇಲಿನ ಅದರ ಮಾಣಿಕ್ಯದ ಕೆಂಪು ಹೆಸರುವಾಸಿ. ಗಾಜಿನ ಆಳ, ಬಾಳಿಕೆ, ಬಿಸಿಲಿಗೆ ಮಾಸದ ಬಣ್ಣ ರಾಳಕ್ಕೆ ಎಂದಿಗೂ ಬರುವುದಿಲ್ಲ. ಆದರೆ ಲೋಹದ ನಿಯಮ ಅಲ್ಲಿಯೂ ಬದಲಾಗುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತದೆ. ಪಾರದರ್ಶಕ ಕೆಂಪನ್ನು ನೇರವಾಗಿ ಬೆಳ್ಳಿಯ ಮೇಲೆ ಸುಟ್ಟರೆ ಅದು ಕಂದು-ಹಳದಿಗೆ ತಿರುಗಬಹುದು. ತಾಮ್ರ ಕುಲುಮೆಯಲ್ಲಿ ಕಪ್ಪಾಗುವುದರಿಂದ ಮೊದಲು ಬಣ್ಣವಿಲ್ಲದ ಗಾಜಿನ ಪದರ ಕೊಡಬೇಕು. ಸತು ಹೆಚ್ಚಿರುವ ಹಿತ್ತಾಳೆ ಈ ಕೆಲಸಕ್ಕೆ ಒಗ್ಗುವುದಿಲ್ಲ. ಗಾಜಿನ ಪುಡಿಯನ್ನು ಮತ್ತೆ ಮತ್ತೆ ತೊಳೆದು ಅತಿ ಸಣ್ಣ ಕಣಗಳನ್ನು ತೆಗೆಯದಿದ್ದರೆ ಪಾರದರ್ಶಕ ಬಣ್ಣ ಹಾಲಿನಂತೆ ಮಬ್ಬಾಗುತ್ತದೆ. ಲೋಹ ಮತ್ತು ಗಾಜು ತಣಿಯುವಾಗ ಒಂದೇ ಪ್ರಮಾಣದಲ್ಲಿ ಕುಗ್ಗದ ಕಾರಣ ತೆಳು ತಗಡಿನ ಹಿಂಬದಿಗೂ ಎನಾಮಲ್ ಕೊಡದಿದ್ದರೆ ಮುಂಬದಿ ಬಿರಿಯುತ್ತದೆ. ಬಳಗದ ಹಿರಿಯರಿಗೆ ಕೊಡುವ ಕೆಲವೇ ಬೆಳ್ಳಿಯ ಪಿನ್‌ಗಳನ್ನು ಹೀಗೆ ಮಾಡಿಸಿದರೆ ಅದು ತಲೆಮಾರು ಉಳಿಯುವ ಉಡುಗೊರೆ. 300 ಪಿನ್‌ಗಳಿಗೆ ಇದು ನಿಮ್ಮ ಕೈಗೆಟುಕುವ ಬೆಲೆಯಲ್ಲಿ ಆಗುವ ಕೆಲಸವಲ್ಲ.

ರಾಳವನ್ನೇ ಬಳಸುವುದಾದರೆ ಬಿಸಿಲಿನ ಬಗ್ಗೆಯೂ ಕೇಳಿ ತಿಳಿಯಿರಿ. ಎಪಾಕ್ಸಿ ಅತಿನೇರಳೆ ಕಿರಣಗಳಿಗೆ ಕ್ರಮೇಣ ಹಳದಿಯಾಗುತ್ತದೆ, ಮತ್ತು ಹಳದಿ ಸೇರಿದ ನೀಲಿ ಮತ್ತೆ ಹಸಿರಿನ ಕಡೆಗೇ ವಾಲುತ್ತದೆ. ಅತಿನೇರಳೆ ತಡೆಯುವ ಸಾಮಗ್ರಿ ಸೇರಿಸಿದ ರಾಳ ಇದನ್ನು ನಿಧಾನಿಸುತ್ತದೆ. ಕರಗುವ ಬಣ್ಣಗಳಿಗಿಂತ ನುಣ್ಣಗೆ ಅರೆದ ವರ್ಣಕಣಗಳಿಂದ ಪಡೆದ ಪಾರದರ್ಶಕ ಬಣ್ಣ ಸಾಮಾನ್ಯವಾಗಿ ಬಿಸಿಲಿಗೆ ಹೆಚ್ಚು ತಾಳುತ್ತದೆ. ಹೊರಾಂಗಣದಲ್ಲೇ ಓಡಾಡುವ ನಿಮ್ಮಂಥವರಿಗೆ ಇದು ಕಡೆಗಣಿಸುವ ಸಂಗತಿಯಲ್ಲ.

ಮುಂದಿನ ಸ್ಯಾಂಪಲ್ ಕೇಳುವ ಮೊದಲು ಪ್ಯಾಂಟೋನ್ ಸಂಖ್ಯೆಯನ್ನು (ಬಣ್ಣ ಗುರುತಿಸಲು ಬಳಸುವ ಬಣ್ಣಪಟ್ಟಿಯ ಸಂಖ್ಯೆ) ಬದಿಗಿಡಿ. ಆ ಪಟ್ಟಿಯ ಬಣ್ಣಗಳು ಬಿಳಿ ಕಾಗದದ ಮೇಲೆ ಮುದ್ರಿತವಾದವು. ಲೋಹದ ಮೇಲಿನ ಪಾರದರ್ಶಕ ಪದರ ಅವಕ್ಕೆ ಹೊಂದುವುದು ಆಕಸ್ಮಿಕ. ಅದರ ಬದಲು ಒಂದು ಸಣ್ಣ ಲೋಹದ ಪಟ್ಟಿಯಲ್ಲಿ 0.2, 0.4, 0.6 ಮಿ.ಮೀ. ಆಳದ ಮೂರು ಹಳ್ಳಗಳನ್ನು ಕೊರೆದು, ಒಂದು ಪಟ್ಟಿಗೆ ಬೆಳ್ಳಿಯ ಲೇಪ, ಇನ್ನೊಂದಕ್ಕೆ ನಿಕಲ್ ಲೇಪ ಕೊಟ್ಟು, ತಮ್ಮಲ್ಲಿರುವ ಎರಡು ಮೂರು ಪಾರದರ್ಶಕ ನೀಲಿಗಳನ್ನು ತುಂಬಿ ಕಳುಹಿಸಲು ಹೇಳಿ. ಅದನ್ನು ಹಗಲು ಬೆಳಕಿನಲ್ಲೂ ಎಲ್‌ಇಡಿ ದೀಪದಲ್ಲೂ ನೋಡಿ ಆರಿಸಿ. ಫೋಟೋ ನೋಡಿ ಒಪ್ಪಬೇಡಿ, ಏಕೆಂದರೆ ದೀಪದ ಕೋನ ಬದಲಿಸಿ ಅದೇ ಪಿನ್ನನ್ನು ಬೆಳಗಿಸಲೂಬಹುದು, ಕಪ್ಪಾಗಿಸಲೂಬಹುದು. ಸ್ಯಾಂಪಲ್ ಒಪ್ಪಿಗೆಯಾದ ಮೇಲೆ ನೀವು ಸ್ವೀಕರಿಸಬಲ್ಲ ಅತಿ ತಿಳಿ ಮತ್ತು ಅತಿ ಗಾಢ ಪಿನ್‌ಗಳೆರಡನ್ನು ಗುರುತಿಸಿ, ಒಂದೊಂದು ಜೊತೆಯನ್ನು ಇಬ್ಬರ ಬಳಿಯೂ ಇಟ್ಟುಕೊಳ್ಳಿ. ಗ್ಯಾರಂಟಿ ಎಂಬ ಮಾತಿಗೆ ಆಗ ಅಳತೆಯೊಂದು ಸಿಗುತ್ತದೆ. ಎರಡರ ನಡುವೆ ಬಂದದ್ದನ್ನು ನೀವು ಒಪ್ಪಬೇಕು, ಹೊರಗೆ ಬಿದ್ದದ್ದನ್ನು ಅವರು ಮತ್ತೆ ಮಾಡಿಕೊಡಬೇಕು.

ಎರಡು ಸಲ ಪ್ಲೇಟಿಂಗ್ ಮಾಡಲಾಗದು ಎಂದು ಕಾರ್ಖಾನೆಯವರು ಹೇಳಿದರೆ, ಅಥವಾ ಖರ್ಚು ಬಳಗಕ್ಕೆ ಹೊರೆಯಾದರೆ, ಚಿತ್ರದ ಬಣ್ಣಗಳ ಹಂಚಿಕೆಯನ್ನು ತಿರುಗಿಸಿ. ನೀಲಿ ರೆಕ್ಕೆಯನ್ನೂ ನೀರನ್ನೂ ಅಪಾರದರ್ಶಕ ಮಾಡಿ, ಚಿಕ್ಕ ಮಿಂಚುಳ್ಳಿಯ ಕಿತ್ತಳೆ ಹೊಟ್ಟೆಗೆ ಮಾತ್ರ ಪಾರದರ್ಶಕ ಬಣ್ಣ ಇಡಿ. ಚಿನ್ನದ ಲೇಪ ನೀಲಿಗೆ ಮಾಡಿದ ಅಪಚಾರವನ್ನು ಕಿತ್ತಳೆಗೆ ಮಾಡುವುದಿಲ್ಲ. ಕೆಂಪು ಹಳದಿಗಳನ್ನು ಬಹುಮಟ್ಟಿಗೆ ಹಿಂದಿರುಗಿಸಿ ಒಳಗಿನಿಂದ ದೀಪ ಹಚ್ಚಿದಂತೆ ಬೆಳಗಿಸುತ್ತದೆ. ಸಾಫ್ಟ್ ಎನಾಮಲ್‌ನಲ್ಲಿ, ಒಂದೇ ಪ್ಲೇಟಿಂಗ್‌ನಲ್ಲಿ, ಈಗಿನ ಅಚ್ಚನ್ನು ಸ್ವಲ್ಪವೇ ತಿದ್ದಿಸಿ ಇದನ್ನು ಮಾಡಿಸಬಹುದು.